ಪರದೆ ಎಳೆದ ಮಂಗಳವಾರ

ಹೆಟ್ಟಿ ಕ್ಲಫ್‌ಗೆ ಆಗ ಹನ್ನೊಂದು ವರ್ಷ. ಲ್ಯಾಂಕಾಶೈರಿನ ನಮ್ಮ ಗಿರಣಿ ಬೀದಿಯಲ್ಲಿ ಅವರ ಮನೆ ನಮ್ಮೆದುರಿಗೆ. ಅಪ್ಪ ಸತ್ತಿದ್ದ. ತಾಯಿ ಅಡಾ ಹತ್ತಿಯ ಧೂಳು ಕುಡಿದು ಕುಡಿದು ಎದೆ ಕೆಟ್ಟು ಹಾಸಿಗೆ ಹಿಡಿದಿದ್ದಳು. ವಿಷಯ ಹೊರಬಿದ್ದರೆ ದಿಕ್ಕಿಲ್ಲದ ಮಕ್ಕಳನ್ನು ಒಯ್ಯುವ ಸರ್ಕಾರಿ ಅಧಿಕಾರಿ ಬಂದು ತನ್ನನ್ನೂ ನಾಲ್ಕು ವರ್ಷದ ತಂಗಿ ಡೋರಿಸಳನ್ನೂ ಬೇರೆ ಬೇರೆ ಅನಾಥಾಲಯಕ್ಕೆ ಹಾಕುತ್ತಾನೆಂದು ಹುಡುಗಿಗೆ ಗೊತ್ತಿತ್ತು. ಹಿಂದಿನ ಬೀದಿಯ ಮಕ್ಕಳಿಗೆ ಹಾಗೇ ಆಗಿತ್ತು.

ಅದಕ್ಕೇ ಶುಕ್ರವಾರ ಬಂತೆಂದರೆ ಹೆಟ್ಟಿ ಮಂಡಿಯೂರಿ ಬಾಗಿಲ ಮೆಟ್ಟಿಲಿಗೆ ಬಿಳಿಕಲ್ಲು ಉಜ್ಜುತ್ತಿದ್ದಳು. ಮೆಟ್ಟಿಲು ಬೆಳ್ಳಗಿದ್ದರೆ ಮನೆಯ ಹೆಂಗಸು ನೆಟ್ಟಗಿದ್ದಾಳೆಂದು ನಮ್ಮ ಬೀದಿಯವರ ಎಣಿಕೆ.

“ಏನೇ ಹೆಟ್ಟಿ, ನಿಮ್ಮಮ್ಮಂಗೆ ಮೈ ಬಗ್ಗಲ್ವಂತಾ?” ಪಕ್ಕದ ಮನೆಯ ಮಿಸೆಸ್ ಪಿಲ್ಲಿಂಗ್ ಕೆಣಕುತ್ತಿದ್ದಳು.

“ಅಮ್ಮ ಒಳಗೆ ಅಡುಗೆ ಮಾಡ್ತಿದ್ದಾಳೆ.”

“ವಾಸ್ನೇನೇ ಇಲ್ವಲ್ಲೇ!”

“ನಿಮಗೆ ಮೂಗು ಕಟ್ಟಿರ್ಬೇಕು ಬಿಡಿ.”

ಕಿಟಕಿಯಲ್ಲಿ ಕೇಳಿಸಿಕೊಂಡು ನಾನು ನಕ್ಕಿದ್ದೆ. ನಿಜ ಗೊತ್ತಿದ್ದವಳು ನಾನೊಬ್ಬಳೇ. ಹಿಂಬಾಗಿಲಿನಿಂದ ಸೂಪು ಕೊಟ್ಟು ಬರುತ್ತಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ನೋಡಿದರೆ ಹುಡುಗಿ ಮಳೆಯಲ್ಲೇ ಮೆಟ್ಟಿಲು ಉಜ್ಜುತ್ತಿದ್ದಾಳೆ. ಹಚ್ಚಿದಷ್ಟೂ ಬಿಳುಪು ಕೊಚ್ಚಿಹೋಗುತ್ತಿದೆ. ಬೀದಿ ದಾಟಿ ಓಡಿದೆ.

“ಇವತ್ತು ಶುಕ್ರವಾರ ಅಲ್ಲ ಕಣೇ.”

“ಅಮ್ಮ ಎಬ್ಬಿಸಿದ್ರೂ ಏಳ್ತಿಲ್ಲ, ಆಂಟಿ.”

ಮುಂದಿನ ಕೋಣೆಯಲ್ಲೇ ಅಡಾಳ ಮಂಚ. ಮುಟ್ಟಿದೆ, ತಣ್ಣಗಾಗಿದ್ದಳು. ಕಣ್ಣು ಮುಚ್ಚಿಸಿದೆ. ಆಮೇಲೆ ನನ್ನ ಕೈ ತಾನಾಗಿ ಕಿಟಕಿಗೆ ಹೋಯಿತು. ಸಾವಾದ ಮನೆಯ ಬೀದಿಕಿಟಕಿಗೆ ಪರದೆ ಎಳೆಯುವುದು ನಮ್ಮಲ್ಲಿ ರೂಢಿ. ನನ್ನ ತಾಯಿ, ಗಂಡ, ಎರಡು ಕೂಸು ಹೋದಾಗೆಲ್ಲ ಎಳೆದ ಕೈ ಅದು.

“ಬೇಡ ಆಂಟಿ, ಎಳೀಬೇಡಿ! ಎಲ್ಲರಿಗೂ ಗೊತ್ತಾಗುತ್ತೆ! ಡೋರಿಸ್‌ನ ಕರ್ಕೊಂಡೋಗ್ತಾರೆ!”

ಅಷ್ಟರಲ್ಲಿ ಎಳೆದಾಗಿತ್ತು. ಗಾಬರಿಯಿಂದ ತಿರುಗಿ ಸರಿಸಿದೆ. ಗಾಜಿನಾಚೆ ಮಿಸೆಸ್ ಪಿಲ್ಲಿಂಗ್ ಮಳೆಯಲ್ಲಿ ನಿಂತಿದ್ದಳು, ಎದೆಯ ಮೇಲೆ ಕೈಯಿಟ್ಟುಕೊಂಡು.

ಮಧ್ಯಾಹ್ನಕ್ಕೆ ಅಧಿಕಾರಿ ಬಂದ. ಇಬ್ಬರನ್ನೂ ನಾನೇ ಸಾಕುತ್ತೇನೆಂದು ಬೇಡಿದೆ. ಗಿರಣಿಗೆ ಹೋಗುವ ವಿಧವೆ ಏನು ಸಾಕೀಯೆ ಎಂದ. ಡೋರಿಸ್ ಒಂದು ಗಾಡಿಗೆ, ಹೆಟ್ಟಿ ಇನ್ನೊಂದಕ್ಕೆ.

ಹದಿನಾರಕ್ಕೆ ಹೆಟ್ಟಿ ಹಿಂದಿರುಗಿ ಗಿರಣಿ ಸೇರಿದಳು. ನನ್ನ ಮನೆಯಲ್ಲೇ ಇದ್ದಳು. ಭಾನುವಾರವಾದರೆ ಊರೂರಿನ ಅನಾಥಾಲಯಗಳ ಬಾಗಿಲು ತಟ್ಟಿ ತಂಗಿಯನ್ನು ಕೇಳಿ ಬರುತ್ತಿದ್ದಳು. ಸಿಗಲಿಲ್ಲ. ಆ ಪರದೆಯ ಮಾತೆತ್ತಿ ಒಂದು ದಿನವೂ ನನ್ನನ್ನು ಅನ್ನಲಿಲ್ಲ, ಅಂದಿದ್ದರೆ ಚೆನ್ನಾಗಿತ್ತು.

ನಲವತ್ತೊಂದಕ್ಕೆ ಅವಳಿಗೂ ತಾಯಿಯ ಕೆಮ್ಮೇ ಬಂತು. ಕೊನೆಯ ವಾರ ನನ್ನ ಕೈ ಹಿಡಿದು, “ನಾನು ಹೋದ್ಮೇಲೆ ಪರದೆ ಎಳೀಬೇಡಿ ಆಂಟಿ. ಡೋರಿಸ್ ಬಂದ್ರೆ, ಮನೇಲಿ ಯಾರೂ ಇಲ್ಲ ಅಂದ್ಕೊಂಡಾಳು” ಎಂದಳು.

ಬೀದಿಯವರು ಏನಂದರೂ ನಾನು ಎಳೆಯಲಿಲ್ಲ.