ಮನೆಯವರು ಒಲ್ಲೆ ಅಂದರಂತೆ

ಸವಣೂರಿನಿಂದ ಹುಬ್ಬಳ್ಳಿಗೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂಡುತ್ತಿದ್ದೆವು. ನಾನು ನಿವೃತ್ತ ಶಿಕ್ಷಕಿ, ಆಕೆ ನಮ್ಮೂರಿನ ಮುಸಲ್ಮಾನ ವೀಳ್ಯದೆಲೆ ವ್ಯಾಪಾರಿಯ ಹೆಂಡತಿ. ಇಬ್ಬರಿಗೂ ಎದೆಯ ಕ್ಯಾನ್ಸರ್, ಇಬ್ಬರಿಗೂ ಒಬ್ಬರೇ ಡಾಕ್ಟರು. ಕಿಮೋ ಮುಗಿಸಿ ಬರುವಾಗ ಶಿಗ್ಗಾವಿ ಮುಟ್ಟುವಷ್ಟರಲ್ಲಿ ನನಗೆ ವಾಂತಿ ಬರುತ್ತಿತ್ತು. ಆಕೆ ತನ್ನ ದುಪಟ್ಟಾದಿಂದಲೇ ನನ್ನ ಬಾಯಿ ಒರೆಸುತ್ತಿದ್ದಳು.

ಒಮ್ಮೆ ಜ್ವರ ಬಂದು ಆಕೆ ಬರಲಿಲ್ಲ. ಅವತ್ತೇ ಡಾಕ್ಟರು ಹೇಳಿದರು: "ಬೆಂಗಳೂರಿನಲ್ಲಿ ಹೊಸ ಔಷಧಿಯ ಪ್ರಯೋಗ ನಡೆದಿದೆ, ಖರ್ಚೆಲ್ಲ ಅವರದೇ. ಮೂರು ವಾರಕ್ಕೊಮ್ಮೆ ಹೋಗಿ ಬರಬೇಕು. ನಿಮಗೆ ಹೊಂದಬಹುದು, ನಿಮ್ಮ ಜೊತೆ ಬರುವವರಿಗೂ. ಅವರನ್ನು ಕೇಳುತ್ತೀರಾ?"

ಕೇಳುತ್ತೇನೆ ಅನ್ನಬೇಕಿತ್ತು. ನಾನು ಅಂದದ್ದು: "ಅವರ ಮಂದಿ ಹೆಣ್ಮಕ್ಕಳನ್ನ ಅಷ್ಟ ದೂರ ಕಳಸೂದಿಲ್ರಿ. ಮನಿಯವರು ಒಲ್ಲೆ ಅಂತಾರ."

ಡಾಕ್ಟರು ನನ್ನ ಹೆಸರೊಂದನ್ನೇ ಬರೆದುಕೊಂಡರು. ಮೂವತ್ತು ವರ್ಷ ಮಕ್ಕಳಿಗೆ ಎಲ್ಲರೂ ಒಂದೇ ಎಂದು ಪಾಠ ಹೇಳಿದವಳು ನಾನು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ! ಹೊಟ್ಟೆಕಿಚ್ಚಿನಿಂದ ಅಂದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲವೇನೋ. ಎಲ್ಲ ಬಲ್ಲವಳಂತೆ ಸಲೀಸಾಗಿ ಅಂದೆ. ಗಂಡನ ಜೊತೆಯಿಲ್ಲದೆ ಆಕೆ ಹುಬ್ಬಳ್ಳಿಗೆ ಬರುವುದನ್ನು ಪ್ರತಿ ಸಲ ನೋಡಿಯೂ ಅಂದೆ.

ಆ ಔಷಧಿಯಿಂದ ನಾನು ಚೇತರಿಸಿಕೊಂಡೆ. ವರ್ಷ ತುಂಬುವುದರೊಳಗೆ ಆಕೆಯ ಕಾಯಿಲೆ ಲಿವರ್‌ಗೆ ಹಬ್ಬಿತೆಂದು ಕೇಳಿ ಮನೆಗೆ ಹೋದೆ. ಗಂಡ ತಲೆದಿಂಬಿನ ಹತ್ತಿರ ನಿಂತಿದ್ದ. ಆಕೆ ಅವನತ್ತ ನೋಡುತ್ತಿರಲಿಲ್ಲ.

"ಅಕ್ಕೋರ, ನೀವು ತಗೊಂಡ ಆ ಬೆಂಗಳೂರ ಔಷಧ ನನಗೂ ಇತ್ತಂತ. ಡಾಕ್ಟರಿಗೆ ಕೇಳಿದ್ರ, 'ನಿಮ್ಮ ಮನಿಯವರು ಒಲ್ಲೆ ಅಂದಾರಂತಲ್ಲ, ಈಗ ಅದು ಮುಗದೈತಿ' ಅಂದ್ರು. ಇವರು ಹಿಂಗ ಮಾಡ್ತಾರಂತ ತಿಳದಿರಲಿಲ್ಲ."

"ಅಲ್ಲಾನ ಆಣಿಗೂ ನನ್ನ ಯಾರೂ ಕೇಳಿಲ್ರಿ ಅಕ್ಕೋರ," ಎಂದ ಆತ. "ವಾರಕ್ಕ ಎರಡ ಸಲ ನನ್ನ ಎಲಿ ಬೆಂಗಳೂರಿಗೆ ಹೋಗ್ತಾವ. ಇಕಿನ್ನ ಕಳಸ್ತಿರಲಿಲ್ಲೇನ್ರಿ?"

ಆಕೆ ಗೋಡೆಯ ಕಡೆ ಹೊರಳಿದಳು. ನೀವಾದರೂ ಹೇಳಿ ಎನ್ನುವಂತೆ ಆತ ನನ್ನ ಮುಖ ನೋಡಿದ. ನಾನು ಸೆರಗು ಸರಿಮಾಡಿಕೊಂಡೆ.

"ಡಾಕ್ಟರು ಏನರ ತಪ್ಪ ತಿಳಕೊಂಡಿರಬೇಕ್ರಿ," ಎಂದೆ.

ಆಕೆ ಗಂಡನ ಜೊತೆ ಮಾತು ಬಿಟ್ಟೇ ತೀರಿಕೊಂಡಳು. ತನ್ನ ಹೆಂಡತಿಯ ಗೆಳತಿಯೆಂದು ಆತ ಈಗಲೂ ಶುಕ್ರವಾರ ನನಗೆ ಎಲೆಯ ಕಟ್ಟು ಕಳಿಸುತ್ತಾನೆ. ನಾನು ತೆಗೆದುಕೊಳ್ಳುತ್ತೇನೆ.