ಸಣ್ಣ ಪಿನ್ನಿನ ಚಾರ್ಜರ್

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಔರಂಗಾಬಾದಿನಲ್ಲಿದ್ದಳು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಎನ್ನುತ್ತಾರೆ. ನಾವು ಬ್ಯಾಂಕಿನ ವರ್ಗಾವಣೆಯ ಮೇಲೆ ನಾಸಿಕಕ್ಕೆ ಬಂದಿದ್ದೆವು. ಅತ್ತೆಯವರು ಎರಡು ತಿಂಗಳು ಅಲ್ಲಿ, ಎರಡು ತಿಂಗಳು ಇಲ್ಲಿ. ನನ್ನ ಪಾಲಿನ ಎರಡು ತಿಂಗಳು ಮಾತ್ರ ಯಾವಾಗಲೂ ಮೂರೇ ವಾರಕ್ಕೆ ಮುಗಿಯುತ್ತಿತ್ತು. ಅದೇ ನನ್ನ ಹೊಟ್ಟೆಯುರಿ.

ಅತ್ತೆಯವರದು ಸಣ್ಣ ಪಿನ್ನಿನ ಮೊಬೈಲು. ನೆಗೆಣ್ಣಿಯ ಮನೆಯಲ್ಲಿ ಎಲ್ಲರದೂ ಅದೇ. ನನ್ನದೊಂದು ಶೋಕಿಯ ಮೊಬೈಲು. ಚಾರ್ಜಿಗೂ ಇಯರ್‌ಫೋನಿಗೂ ಅದಕ್ಕೆ ಅಗಲವಾದ ಒಂದೇ ಬಾಯಿ, ಬೇರೆ ಯಾರ ಪಿನ್ನೂ ಅದಕ್ಕೆ ಹೋಗದು, ಅದರದ್ದು ಬೇರೆಯವರಿಗೆ ಬಾರದು. ಗಂಡನದು ಇನ್ನೊಂದೇ ಬಗೆ.

ಬಂದ ಮರುದಿನದಿಂದಲೇ ಅತ್ತೆಯವರು, "ಚಾರ್ಜರ್ ಅಲ್ಲೇ ಮರ್ತ ಬಂದೇನಿ ನೋಡವಾ," ಎಂದು ಮೊಬೈಲು ಹಿಡಿದು ಎದುರುಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಅನ್ನುವಾಕೆಯ ಹತ್ತಿರ ಹೋಗುತ್ತಿದ್ದರು. ವಾಪಸು ಬರುವುದು ಊಟದ ಹೊತ್ತಿಗೇ. "ಸಣ್ಣಾಕಿ ಮನ್ಯಾಗ ಮೂರು ಚಾರ್ಜರ್ ಅದಾವ," ಎಂದು ನೆಗೆಣ್ಣಿಯ ಮಾತು ಬೇರೆ ತೆಗೆಯುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಅಡುಗೆಯ ಮುಂದೆ ಅವಳದು ಲೆಕ್ಕಕ್ಕಿಲ್ಲ. ಆದರೂ ಮೂರು ಚಾರ್ಜರ್ ಇಟ್ಟುಕೊಂಡು ಅತ್ತೆಯನ್ನು ಗೆದ್ದುಬಿಟ್ಟಿದ್ದಳು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿ ಇರಲಿಲ್ಲ, ಕುಕ್ಕರ್ ಇತ್ತು. ಅದನ್ನೇ ಕಟ್ಟೆಯ ಮೇಲೆ ಕುಕ್ಕುತ್ತಿದ್ದೆ. ಆಮೇಲೆ ಇಯರ್‌ಫೋನ್ ಕಿವಿಗೆ ತುರುಕಿ, ಹಾಡು ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದೆ.

ಒಂದು ಸಲ ಹಟ ಹಿಡಿದು ಪೇಟೆಯಿಂದ ಸಣ್ಣ ಪಿನ್ನಿನ ಚಾರ್ಜರ್ ತಂದೆ. ಅತ್ತೆಯವರು ಎದುರುಮನೆಯಲ್ಲಿದ್ದಾಗ, ಇನ್ನು ಮರೆಯುವ ಮಾತೇ ಬೇಡವೆಂದು ಅವರ ಚೀಲದಲ್ಲೇ ಇಡಲು ಹೋದೆ. ತಳದಲ್ಲಿ ಕುಪ್ಪಸದ ಖಣದ ಬಟ್ಟೆಯ ಗಂಟೊಂದಿತ್ತು. ಬಿಚ್ಚಿದರೆ ಅವರ ಚಾರ್ಜರ್. ವೈರನ್ನು ನೀಟಾಗಿ ಸುತ್ತಿ ರಬ್ಬರ್ ಹಾಕಿದ್ದರು.

ತಿರುಗಿ ನೋಡಿದರೆ ಅತ್ತೆಯವರು ಬಾಗಿಲಲ್ಲಿ ನಿಂತಿದ್ದರು.

"ಮರ್ತ ಬಂದೇನಿ ಅಂದಿದ್ರಲ್ರಿ?" ಎಂದೆ, ಜೋರಾಗಿಯೇ.

ಅವರು ಸಿಟ್ಟಾಗಲಿಲ್ಲ. "ಮುಂಜಾನಿಂದ ನಿನ್ನ ಕಿವ್ಯಾಗ ವಾಯರ್ ಇರ್ತಾವವಾ. ಏನರ ಅಂದ್ರ ಬರೇ ಹೂಂ ಅಂತಿ. ಆ ಕಾಕುಗ ಕನ್ನಡ ಬರಂಗಿಲ್ಲ, ನನಗ ಮರಾಠಿ ಅಷ್ಟಕ್ಕಷ್ಟ. ಆದ್ರೂ ನಾ ಹೇಳೂದು ಕೇಳ್ತಾಳ. ದಿನಾ ಸುಮ್ನ ಹೋಗಿ ಕುಂದ್ರೂದು ಚಂದಲ್ಲ. ಒಂದು ನೆವ ಬೇಕಲ್ಲ?"

ಇಯರ್‌ಫೋನ್ ಆಗಲೂ ನನ್ನ ಕೊರಳಲ್ಲಿ ಜೋತುಬಿದ್ದಿತ್ತು. ಅದರೊಳಗೆ ಹಾಡು ಸಣ್ಣಗೆ ನಡೆದೇ ಇತ್ತು. ಅಂಥ ಹೊತ್ತಿನಲ್ಲೂ ನನ್ನ ಬಾಯಿಗೆ ಬಂದದ್ದು ಒಂದೇ ಮಾತು: "ಸಣ್ಣಾಕಿ ಕೇಳ್ತಾಳೇನ್ರಿ?"

"ಅಕಿ ನನ್ನ ಕೂಡ ದಿನಾ ಜಗಳಾ ಆಡ್ತಾಳ," ಎಂದರು ಅತ್ತೆಯವರು.

ನನಗೂ ಅವರಿಗೂ ಅಲ್ಲಿಯವರೆಗೆ ಒಂದು ಜಗಳವೂ ಆಗಿರಲಿಲ್ಲ. ಅವರಿಬ್ಬರ ಆ ಜಗಳದ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.