ಎರಡು ಮಂಚದ ಕೋಣೆ

ಪೆಟಾಲಿಂಗ್ ಜಯಾದ ನಮ್ಮ ಫ್ಲ್ಯಾಟಿನಲ್ಲಿ ಎರಡು ಮಲಗುವ ಕೋಣೆಗಳಿವೆ. ಒಂದರಲ್ಲಿ ನಾವಿಬ್ಬರೂ ಮಲಗುತ್ತೇವೆ, ಇನ್ನೊಂದು ಬಂದವರ ಕಣ್ಣಿಗೆ. ಇಲ್ಲಿರುವ ಮಂಗಳೂರಿನ ಕಥೊಲಿಕರು ವಾರಕ್ಕೊಂದು ಮನೆಯಲ್ಲಿ ಸೇರಿ ಜಪಸರ ಹೇಳುವುದು ರೂಢಿ. ನನ್ನ ಸರದಿ ಬಂದಾಗಲೆಲ್ಲ ಅವಳು, ನನ್ನ ಮೈಸೂರಿನ ಹುಡುಗಿ, ಆ ಎರಡನೇ ಮಂಚದ ಚಾದರವನ್ನು ಸುಕ್ಕು ಮಾಡಿ, ದಿಂಬಿನ ಪಕ್ಕ ತನ್ನ ಕನ್ನಡಕ, ಚಾರ್ಜರ್ ಇಟ್ಟು ಬರುತ್ತಾಳೆ. ಅವರೆಲ್ಲರ ಪಾಲಿಗೆ ಅವಳು ನನ್ನ ರೂಮ್‌ಮೇಟ್. ನಿಜ ಹೊರಗೆ ಬಿದ್ದರೆ, ನಮ್ಮಂಥವರನ್ನು ಕಾನೂನು ಒಪ್ಪದ ಈ ಪರದೇಶದಲ್ಲಿ ಕೆಲಸವೂ ಹೋದೀತು, ವೀಸಾವೂ ಹೋದೀತು.

ಅದಕ್ಕೇ ಈ ಸಲದ ರಜೆಗೆ ಗ್ರೀಸಿನ ಒಂದು ದ್ವೀಪಕ್ಕೆ ಹೋಗುವುದೆಂದು ಮಾಡಿದೆವು. ಅಲ್ಲಿನ ಒಂದು ಕಡಲತೀರಕ್ಕೆ ನಮ್ಮಂಥ ಹೆಂಗಸರು ಎಲ್ಲೆಲ್ಲಿಂದಲೋ ಜೋಡಿಯಾಗಿ ಬರುತ್ತಾರಂತೆ, ಕೈ ಕೈ ಹಿಡಿದು ಓಡಾಡುತ್ತಾರಂತೆ, ಯಾರೂ ತಿರುಗಿ ನೋಡುವುದಿಲ್ಲವಂತೆ. ಆಫೀಸಿನ ಮೀಟಿಂಗ್ ನಡುವೆಯೂ ಅವಳು ನನಗೆ ಆ ಮರಳಿನ ಫೋಟೋ ಕಳಿಸುತ್ತಿದ್ದಳು. ಇಷ್ಟು ವರ್ಷಗಳಲ್ಲಿ ನಾವು ಲಿಫ್ಟಿನೊಳಗೂ ಕೈ ಹಿಡಿದವರಲ್ಲ. ಹೋಟೆಲ್ ಬುಕ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು, ಮಾಡಿದೆ.

ನಮ್ಮ ಮನೆಯಲ್ಲಿ ಜಪಸರವಿದ್ದ ಸಂಜೆ, ಜನ ಬರುವುದಕ್ಕೆ ಸ್ವಲ್ಪ ಮುಂಚೆ, ಅವಳು ಹೋಟೆಲಿನವರ ಉತ್ತರ ಓದಿದಳು. ಕಡಲು ಕಾಣುವ ಕೋಣೆ, ಬೇರೆ ಬೇರೆ ಎರಡು ಮಂಚ.

“ಅಲ್ಲೂ ಎರಡು ಮಂಚಾನೇನೇ?” ಎಂದಳು.

ಎಲ್ಲಿ ಹೋದರೂ ಎರಡು ಮಂಚ ಎಂದು ಒತ್ತಿ ಒತ್ತಿ ಕೈಗೆ ಅಭ್ಯಾಸವಾಗಿಬಿಟ್ಟಿದೆ ಮಾರಾಯ್ತಿ, ನೋಡದೆ ಒತ್ತಿದೆ ಎಂದೆ. ಅವಳು ನಗಲಿಲ್ಲ. ಒಳಗೆ ಹೋಗಿ ಚಾದರವನ್ನು ಸುಕ್ಕು ಮಾಡುವ ಬದಲು ಪೂರ್ತಿ ಕಿತ್ತು ನೆಲಕ್ಕೆಸೆದಳು. ಅಷ್ಟರಲ್ಲಿ ಬೆಲ್ ಆಯಿತು. ಓಡಿಹೋಗಿ ಆ ಕೋಣೆಯ ಬಾಗಿಲು ಎಳೆದುಕೊಂಡೆ.

ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ಗುಂಪಿನ ಹಿರಿಯ ಆಂಟಿ, ಈ ಸಲ ರಜೆಗೆ ಎಲ್ಲಿಗೆ ಎಂದು ಕೇಳಿದರು. ನಾವಿಬ್ಬರೂ ಗ್ರೀಸಿಗೆ, ಹತ್ತು ದಿನ ಎಂದು ದ್ವೀಪದ ಹೆಸರನ್ನೂ ಹೇಳಿದೆ. ಅಷ್ಟು ದೂರ, ಇಬ್ಬರೇ ಹುಡುಗಿಯರು, ಯಾಕೆ? ಮುಚ್ಚಿದ ಬಾಗಿಲನ್ನೇ ನೋಡುತ್ತ ಬಾಯಿಗೆ ಬಂದದ್ದು ಹೇಳಿದೆ, ಯಾತ್ರೆ ಎಂದು. ಹಿಂದೆ ಸಂತರೊಬ್ಬರು ಹಡಗಿನಲ್ಲಿ ತಿರುಗಿ ಶುಭಸಂದೇಶ ಸಾರಿದ ಊರುಗಳಿಗೆ ನಮ್ಮ ಚರ್ಚಿನ ಕಡೆಯವರು ಗುಂಪು ಕಟ್ಟಿಕೊಂಡು ಹೋಗುವುದುಂಟು. ಆಂಟಿಯ ಕಣ್ಣು ತುಂಬಿತು. ಹಿಂದೂ ಹುಡುಗಿಯನ್ನೂ ಕರೆದುಕೊಂಡು ಹೋಗುತ್ತಿದ್ದೀಯಲ್ಲ ಎಂದು ನನ್ನ ತಲೆ ಸವರಿದರು. ಹಿಂದೂ ಹುಡುಗಿ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ನನ್ನನ್ನೇ ನುಂಗುವ ಹಾಗೆ ನೋಡುತ್ತಿದ್ದಳು.

ಇಂಥ ಸುದ್ದಿ ಮಂಗಳೂರಿಗೆ ಮುಟ್ಟಲು ಎಷ್ಟು ಹೊತ್ತು? ಮರುದಿನ ಬೆಳಿಗ್ಗೆಯೇ ಮಮ್ಮಿಯ ಫೋನ್. ತಾನೂ ಬರುತ್ತಾಳಂತೆ. ಪಾಸ್‌ಪೋರ್ಟ್ ಉಂಟಂತೆ, ಮಂಡಿ ನೋವಿಗೆ ಮಾತ್ರೆ ತೆಗೆದುಕೊಂಡರಾಯಿತಂತೆ. ನೋಡುವಾ ಎಂದು ಫೋನ್ ಇಟ್ಟೆ.

“ಒಳ್ಳೇದಾಯ್ತು ಬಿಡು, ಎರಡನೇ ಮಂಚ ಹೇಗೂ ಖಾಲಿ ಇತ್ತು,” ಎಂದಳು ಅವಳು. ತಿಂಡಿಯ ತಟ್ಟೆ ಸರಿಸಿ, ದನಿ ತಗ್ಗಿಸಿ ಮತ್ತೆ ಹೇಳಿದಳು. “ನಿಮ್ಮಮ್ಮಂಗೆ ನೀನೇ ನಿಜ ಹೇಳು. ಇಲ್ಲಾಂದ್ರೆ ನಾನು ಆ ಕೋಣೆಗೆ ನಿಜವಾಗ್ಲೂ ಶಿಫ್ಟ್ ಆಗ್ತೀನಿ. ಆಮೇಲೆ ಬೇರೆ ಮನೆಗೆ.”

ಅವಳು ಸುಮ್ಮನೆ ಹೆದರಿಸುವವಳಲ್ಲ. ನನಗೆ ಅವಳ ಮೇಲೆ ಸಿಟ್ಟೂ ಬಂತು, ಅವಳಿಲ್ಲದ ಮನೆಯನ್ನು ನೆನೆದು ಹೆದರಿಕೆಯೂ ಆಯಿತು. ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಬಂದವಳೇ ಬಾಲ್ಕನಿಗೆ ಹೋಗಿ ಮಮ್ಮಿಗೆ ಫೋನ್ ಹಚ್ಚಿದೆ. ನಾವು ಆಡಿದ್ದು ಕೊಂಕಣಿ, ಪಕ್ಕದ ಮನೆಯ ತಮಿಳರಿಗೆ ಅರ್ಥವಾಗುವುದಿಲ್ಲ. ಆದರೂ ದನಿ ತಾನಾಗಿಯೇ ಇಳಿಯಿತು.

“ಮಮ್ಮಿ, ನೀನು ಬರುದು ಬೇಡ. ಅದು ಯಾತ್ರೆ ಅಲ್ಲ. ಅವಳು ಬರೀ ರೂಮ್‌ಮೇಟೂ ಅಲ್ಲ. ನನ್ನ ಜೀವನ ಅವಳ ಜೊತೆಗೇ.”

ಆ ಕಡೆ ಕುಕ್ಕರ್ ಕೂಗಿತು. ಮಮ್ಮಿ ಗ್ಯಾಸ್ ಆರಿಸಿ ಬಂದದ್ದು ಕೇಳಿಸಿತು.

“ಪಾದ್ರಿಯವರ ಹತ್ರ ಕೇಳಿದೆ,” ಎಂದಳು. “ಸಂತರ ಹಡಗು ಆ ದ್ವೀಪದಲ್ಲಿ ಒಂದು ರಾತ್ರಿ ನಿಂತದ್ದಂತೆ, ಅಷ್ಟೇ. ಅದಕ್ಕೆ ಯಾರು ಹತ್ತು ದಿನ ಹೋಗ್ತಾರೆ? ಇನ್ನೊಮ್ಮೆ ಫೋನ್ ಮಾಡಿ ಬಂದೇ ಬರ್ತೇನೆ ಅನ್ಬೇಕು ಅಂತಿದ್ದೆ, ನೀನು ಬೇಡ ಅಂತೀಯಾ ನೋಡ್ಲಿಕ್ಕೆ.”

ನನಗೆ ಅಳು ಬಂತು. ಮಮ್ಮಿಗೆ ಬಂತೋ ಇಲ್ಲವೋ, ತೋರಿಸಿಕೊಳ್ಳಲಿಲ್ಲ.

“ನಂಗೆ ಖುಷಿ ಇಲ್ಲ. ಉಂಟು ಅಂತ ಸುಳ್ಳು ಹೇಳುದಿಲ್ಲ. ಅಲ್ಲಿ ಮುಟ್ಟಿದ ಮೇಲೆ ಫೋನ್ ಮಾಡು. ವಿಡಿಯೋ ಬೇಡ.”

ಒಳಗೆ ಬಂದು ಅವಳಿಗೆ ಒಂದು ಮಾತು ಬಿಡದೆ ಎಲ್ಲ ಹೇಳಿದೆ, ವಿಡಿಯೋ ಬೇಡ ಎಂದದ್ದನ್ನೂ. ಅವಳು ನನ್ನ ಕೈ ಹಿಡಿದುಕೊಂಡಳು. ಆಮೇಲೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. ಒಂದೇ ಮಂಚದ ಕೋಣೆ ಕೊಡಿ ಎಂದು ಹೋಟೆಲಿನವರಿಗೆ ಬರೆದೆ. ಕಳಿಸುವ ಮೊದಲು, ಯಾರಾದರೂ ನೋಡುತ್ತಿದ್ದಾರೋ ಎಂದು ಬಾಗಿಲ ಕಡೆ ತಿರುಗಿದೆ. ನಮ್ಮದೇ ಮನೆ, ಚಿಲಕ ಹಾಕಿತ್ತು.